ಗೋವಾ 70.3: ಏನು ತಿನ್ನಬೇಕು, ಎಷ್ಟು ಕುಡಿಯಬೇಕು? ಕ್ರೀಡಾ ಆಹಾರ ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನಿಂದ): ಮೇಡಂ ನಮಸ್ತೆ. ಹಿಂದಿನ ಸಲ ಗೋವಾದ ಐರನ್‌ಮ್ಯಾನ್ 70.3ರಲ್ಲಿ (ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಸ್ಪರ್ಧೆ) 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಎರಡೂ ಚೆನ್ನಾಗಿಯೇ ಆಯಿತು. ಓಟ ಶುರುವಾಗಿ ನಾಲ್ಕನೇ ಕಿ.ಮೀ.ಗೆ ಹೊಟ್ಟೆ ತೊಳಸಿ ವಾಂತಿ ಆಯಿತು. ಉಳಿದದ್ದನ್ನು ಹೆಚ್ಚುಕಡಿಮೆ ನಡೆದೇ ಮುಗಿಸಿದೆ. ಸೈಕಲ್ ಮೇಲೆ ಅರ್ಧ ಗಂಟೆಗೊಂದು ಎನರ್ಜಿ ಜೆಲ್ (ಹಿಂಡಿ ತಿನ್ನುವ ಗಟ್ಟಿ ಸಕ್ಕರೆ ಪಾಕದ ಪೊಟ್ಟಣ) ತಗೊಂಡಿದ್ದೆ. ಬಾಟಲಿಯಲ್ಲಿ ಎನರ್ಜಿ ಡ್ರಿಂಕ್ ಪುಡಿ ಹಾಕಿದ್ದೆ. ಜೆಲ್ ಬ್ರ್ಯಾಂಡ್ ಬದಲಿಸಬೇಕಾ? ತೂಕ 72 ಕೆ.ಜಿ.

ಉತ್ತರ: ನಮಸ್ತೆ. ಬ್ರ್ಯಾಂಡ್ ವಿಷಯ ಆಮೇಲೆ ನೋಡೋಣ. ಮೊದಲು ಒಂದು ಹೇಳಿ, ಜೆಲ್ ತಿಂದ ಮೇಲೆ ಏನು ಕುಡಿಯುತ್ತಿದ್ದಿರಿ? ಸಾದಾ ನೀರಾ, ಅದೇ ಡ್ರಿಂಕಾ? ಪುಡಿ ಎಷ್ಟು ಹಾಕಿದ್ದಿರಿ?

ಪ್ರಶ್ನೆ: ಅದೇ ಡ್ರಿಂಕ್ ಮೇಡಂ. ಸಾದಾ ನೀರಿನ ಬಾಟಲಿ ಇಟ್ಟಿರಲಿಲ್ಲ. ಪುಡಿ ಸ್ವಲ್ಪ ಗಟ್ಟಿಯಾಗೇ ಕಲಸಿದ್ದೆ.

ಉತ್ತರ: ಹಾಗಾದರೆ ಗೊತ್ತಾಯಿತು. ಒಂದು ಜೆಲ್ ಅಂದರೆ ಸುಮಾರು 22ರಿಂದ 25 ಗ್ರಾಂ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ, ಪಿಷ್ಟದ ಅಂಶ). ಗಂಟೆಗೆ ಎರಡು ಅಂದರೆ ಹತ್ತಿರ ಹತ್ತಿರ 50. ಅದರ ಮೇಲೆ ಗಟ್ಟಿ ಡ್ರಿಂಕ್. ಹೊಟ್ಟೆಯಲ್ಲಿ ಅಷ್ಟು ಸಕ್ಕರೆ ಸೇರಿದಾಗ, ಅದನ್ನು ತೆಳು ಮಾಡಲು ಕರುಳು ಮೈಯಿಂದಲೇ ನೀರು ಎಳೆದುಕೊಳ್ಳುತ್ತದೆ. ನೀವು ಕುಡಿದದ್ದು ರಕ್ತಕ್ಕೆ ಹೋಗುವ ಬದಲು ಹೊಟ್ಟೆಯಲ್ಲೇ ಕುಲುಕಾಡುತ್ತಾ ಕೂತಿರುತ್ತದೆ.

ಇನ್ನೂ ಒಂದಿದೆ. ಜೋರಾಗಿ ತುಳಿಯುವಾಗ ರಕ್ತ ಕಾಲಿಗೆ ಹೋಗುತ್ತದೆ. ಗೋವಾದ ಬಿಸಿಲಿಗೆ ಮೈ ತಣ್ಣಗಿಡಲು ಚರ್ಮಕ್ಕೂ ಹೋಗುತ್ತದೆ. ಹೊಟ್ಟೆಗೆ ಉಳಿಯುವುದು ಕಡಿಮೆ. ಸೈಕಲ್‌ನಲ್ಲಿ ಸಮಯ ಉಳಿಸೋಣ ಅಂತ ಶಕ್ತಿ ಮೀರಿ ತುಳಿದಿದ್ದರೆ ಅದರ ಬಿಲ್ ಬರುವುದು ಓಟದಲ್ಲಿ. ನನ್ನ ಹತ್ತಿರ ಹೊಟ್ಟೆ ಕೆಟ್ಟಿತು ಅಂತ ಬರುವವರಲ್ಲಿ ಬಹಳ ಜನ ತಿಂದದ್ದನ್ನೇ ಬೈಯುತ್ತಾರೆ. ತುಳಿದ ವೇಗವನ್ನು ಯಾರೂ ಬೈಯುವುದಿಲ್ಲ! ಈಜುವಾಗ ಸಮುದ್ರದ ನೀರು ಕುಡಿದಿದ್ದರೆ ಅದೂ ಹೊಟ್ಟೆ ತೊಳಸುತ್ತದೆ.

ನಿಮಗೆ ನನ್ನ ಸಲಹೆ: ಸೈಕಲ್ ಹತ್ತಿದ ಮೊದಲ 10–15 ನಿಮಿಷ ಸಾದಾ ನೀರು ಮಾತ್ರ, ಗುಟುಕು ಗುಟುಕಾಗಿ. ಉಸಿರು ಸಮ ಆದ ಮೇಲೆ ಗಂಟೆಗೆ 60 ಗ್ರಾಂ ಕಾರ್ಬ್. ವಾಚಿನಲ್ಲಿ 15 ನಿಮಿಷಕ್ಕೊಂದು ಅಲಾರಂ ಇಡಿ, ಪ್ರತಿ ಸಲ 15 ಗ್ರಾಂ. ಜೆಲ್ ತಿಂದರೆ ಮೇಲೆ ಸಾದಾ ನೀರೇ ಕುಡಿಯಿರಿ, ಡ್ರಿಂಕ್ ಬೇಡ. ಓಟದಲ್ಲಿ ಗಂಟೆಗೆ 40 ಗ್ರಾಂ ಸಾಕು.

ಇದನ್ನು ಸ್ಪರ್ಧೆಯ ದಿನ ಮೊದಲ ಬಾರಿ ಮಾಡಬೇಡಿ. ಕಾಲಿನ ಹಾಗೆ ಕರುಳಿಗೂ ಅಭ್ಯಾಸ ಬೇಕು. ಉದ್ದದ ರೈಡ್‌ಗಳಲ್ಲಿ ಗಂಟೆಗೆ 40 ಗ್ರಾಂನಿಂದ ಶುರು ಮಾಡಿ, ವಾರಕ್ಕೆ 10 ಗ್ರಾಂ ಏರಿಸಿ. ರೈಡ್ ಮುಗಿದ ತಕ್ಷಣ 20 ನಿಮಿಷ ಓಡಿ ನೋಡಿ. ಸೈಕಲ್ ಮೇಲೆ ಸುಮ್ಮನಿದ್ದ ಹೊಟ್ಟೆ ಓಡುವಾಗಲೇ ತಕರಾರು ತೆಗೆಯುವುದು.

ಪ್ರಶ್ನೆ (ಹುಬ್ಬಳ್ಳಿಯಿಂದ): ಮೇಡಂ, ನೀರು ಎಷ್ಟು ಕುಡಿಯಬೇಕ್ರಿ? ಒಬ್ಬರು ಗಂಟೆಗೆ ಅರ್ಧ ಲೀಟರ್ ಅಂತಾರೆ, ಇನ್ನೊಬ್ಬರು ಒಂದು ಲೀಟರ್ ಅಂತಾರೆ.

ಉತ್ತರ: ಇಬ್ಬರೂ ತಮ್ಮ ತಮ್ಮ ಬೆವರಿನ ಲೆಕ್ಕ ಹೇಳಿದ್ದಾರೆ. ನಿಮ್ಮದನ್ನು ನೀವೇ ಅಳೆಯಬೇಕು. ಮೂತ್ರ ಮಾಡಿ, ಬಟ್ಟೆ ಕಳಚಿ ತೂಕ ನೋಡಿ. ಒಂದೂವರೆ ಗಂಟೆ ಸೈಕಲ್ ತುಳಿಯಿರಿ. ಎಷ್ಟು ಕುಡಿದಿರಿ ಅಂತ ಬರೆದಿಡಿ. ಬೆವರು ಒರೆಸಿಕೊಂಡು ಮತ್ತೆ ತೂಕ ನೋಡಿ. 72ರಿಂದ 71 ಕೆ.ಜಿ.ಗೆ ಇಳಿದಿದೆ, ನಡುವೆ 600 ಎಂ.ಎಲ್. ಕುಡಿದಿದ್ದೀರಿ ಅಂದರೆ ಬೆವರಿದ್ದು 1.6 ಲೀಟರ್. ಗಂಟೆಗೆ 1 ಲೀಟರ್ ಚಿಲ್ಲರೆ.

ಅಷ್ಟನ್ನೂ ತುಂಬಿಸಲು ಹೋಗಬೇಡಿ. ಇಷ್ಟು ಬೆವರುವವರು ಗಂಟೆಗೆ 700–800 ಎಂ.ಎಲ್. ಕುಡಿದರೆ ಸಾಕು. ಕೊನೆಗೆ ತೂಕ ಶೇ. 2–3 ಇಳಿದಿದ್ದರೆ ಚಿಂತೆಯಿಲ್ಲ.

ಬೆಂಗಳೂರು, ಮೈಸೂರಿನವರಿಗೆ ಒಂದು ಮಾತು. ಬೆಳಗಿನ 6 ಗಂಟೆಗೆ ನಂದಿ ಬೆಟ್ಟದ ರಸ್ತೆಯಲ್ಲಿ ಅಳೆದ ಲೆಕ್ಕ ಗೋವಾದಲ್ಲಿ ನಡೆಯುವುದಿಲ್ಲ. ಅಲ್ಲಿ ಗಾಳಿಯಲ್ಲೇ ತೇವ ಇರುತ್ತದೆ. ಬೆವರು ಆರುವುದಿಲ್ಲ, ಸುಮ್ನೆ ತೊಟ್ಟಿಕ್ಕುತ್ತದೆ, ಮೈ ತಣ್ಣಗಾಗುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಅಳೆಯಿರಿ. ಇಲ್ಲವೇ ಮನೆಯೊಳಗೆ ಟ್ರೈನರ್ (ಸೈಕಲ್ ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಫ್ಯಾನ್ ಕಡಿಮೆ ಇಟ್ಟು ಅಳೆಯಿರಿ. ಮಂಗಳೂರು, ಕಾರವಾರದವರಿಗೆ ಈ ತಾಪತ್ರಯ ಇಲ್ಲ ಬಿಡಿ.

ಪ್ರಶ್ನೆ (ಮಂಗಳೂರಿನಿಂದ): ಸೆಕೆ ಜಾಸ್ತಿ ಅಲ್ವಾ ಮೇಡಂ, ಸಿಕ್ಕ ಕಡೆಯೆಲ್ಲ ನೀರು ಕುಡಿದರೆ ಸೇಫ್ ತಾನೇ?

ಉತ್ತರ: ಇಲ್ಲ. ನನಗೆ ಹೆಚ್ಚು ಭಯ ಇದರದ್ದೇ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಹೈಪೋನೇಟ್ರೀಮಿಯಾ ಅನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಜನರಲ್ಲಿ ಇದು ಕಂಡಿತ್ತು. ಓಡುತ್ತಾ ತೂಕ ಏರಿಸಿಕೊಂಡವರಲ್ಲಿ, ಹೆಚ್ಚು ಹೊತ್ತು ತಗೊಂಡವರಲ್ಲಿ ಅಪಾಯ ಜಾಸ್ತಿ ಇತ್ತು. ತಲೆನೋವು, ವಾಕರಿಕೆ, ಮಂಕು. ನೀರು ಕಡಿಮೆಯಾದಾಗಲೂ ಹೀಗೇ ಆಗುವುದರಿಂದ ಜನ ಇನ್ನಷ್ಟು ನೀರು ಕುಡಿಸುತ್ತಾರೆ. ಹಾಗೆ ಮಾಡಬೇಡಿ. ಹೊಟ್ಟೆ ಉಬ್ಬಿ, ಉಂಗುರ ಬಿಗಿಯಾಗಿ, ತಲೆ ಸಿಡಿಯುತ್ತಿದ್ದರೆ ಕುಡಿಯುವುದು ನಿಲ್ಲಿಸಿ ಮೆಡಿಕಲ್ ಟೆಂಟಿಗೆ ಹೋಗಿ. ಮಾತು ತಡವರಿಸುತ್ತಿದ್ದರೆ ಅದು ಎಮರ್ಜೆನ್ಸಿ. ದಾರಿಯಲ್ಲಿ ನೀರು, ತಿಂಡಿ ಕೊಡುವ ಏಡ್ ಸ್ಟೇಷನ್‌ನಲ್ಲಿ ಸಿಕ್ಕ ತಣ್ಣೀರನ್ನು ತಲೆಗೆ, ಕುತ್ತಿಗೆಗೆ ಸುರಿದುಕೊಳ್ಳಿ. ಸೆಕೆಗೆ ಅದೂ ಮದ್ದೇ.

ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿ ಓಡುವವರೂ ಇದ್ದಾರೆ. ಬಿಸಿಲಲ್ಲಿ ಕಿಡ್ನಿಗೆ ಅದು ಒಳ್ಳೆಯದಲ್ಲ.

ಪ್ರಶ್ನೆ (ಶಿವಮೊಗ್ಗದಿಂದ): ಜೆಲ್ ಬಹಳ ದುಬಾರಿ ಮೇಡಂ. ಬೆಲ್ಲದ ಪಾನಕ, ಎಳನೀರು, ಓಆರ್‌ಎಸ್, ಬಾಳೆಹಣ್ಣು ಆಗಲ್ವಾ?

ಉತ್ತರ: ಖಂಡಿತ ಆಗುತ್ತದೆ, ಲೆಕ್ಕ ಗೊತ್ತಿರಬೇಕು ಅಷ್ಟೇ. 1 ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, 1.5 ಗ್ರಾಂ ಉಪ್ಪು, ನಿಂಬೆಹಣ್ಣು. ಚಮಚ ನಂಬಬೇಡಿ, ಅಡುಗೆ ತಕ್ಕಡಿಯಲ್ಲಿ ತೂಗಿ. ಇದರಲ್ಲಿ 600 ಮಿ.ಗ್ರಾಂ. ಹತ್ತಿರ ಸೋಡಿಯಂ ಬರುತ್ತದೆ. ಬೆವರು ಆರಿದ ಮೇಲೆ ಜರ್ಸಿ ಮೇಲೆ ಬಿಳಿ ಉಪ್ಪಿನ ಗೆರೆ ಬೀಳುವವರು ಇನ್ನಷ್ಟು ಉಪ್ಪು ಹಾಕಿಕೊಳ್ಳಿ. ಬೆಲ್ಲವೂ ಆಗಬಹುದು, ಸೋಸಿ ಹಾಕಿ. ಇಲ್ಲದಿದ್ದರೆ ಬಾಟಲಿಯ ಬಾಯಿ ಕಟ್ಟುತ್ತದೆ.

ಗಂಟೆಗೆ 60 ಗ್ರಾಂ ದಾಟಬೇಕು ಅನ್ನುವವರಿಗೆ ಗುಟ್ಟು ಇಲ್ಲಿದೆ. ಗ್ಲೂಕೋಸ್‌ಗೆ ಕರುಳಿನಲ್ಲಿ ಒಂದು ಬಾಗಿಲು, ಫ್ರಕ್ಟೋಸ್‌ಗೆ ಬೇರೆ ಬಾಗಿಲು. ಗ್ಲೂಕೋಸ್ ಬಾಗಿಲು ಗಂಟೆಗೆ 60 ಗ್ರಾಂ ಸುಮಾರಿಗೆ ತುಂಬಿ ಹೋಗುತ್ತದೆ. ಎರಡೂ ಬಳಸಿದರೆ 90ರವರೆಗೆ ಹೋಗಬಹುದು. ಸಕ್ಕರೆಯಲ್ಲಿ ಎರಡೂ ಅರ್ಧರ್ಧ ಇದೆ. 60 ಗ್ರಾಂ ಸಕ್ಕರೆಗೆ, ಹೊಟ್ಟೆಯಲ್ಲಿ ಪೂರ್ತಿ ಗ್ಲೂಕೋಸ್ ಆಗುವ 30 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಬೆರೆಸಿದರೆ ಎರಡು ಪಾಲು ಗ್ಲೂಕೋಸ್, ಒಂದು ಪಾಲು ಫ್ರಕ್ಟೋಸ್ ಆಗುತ್ತದೆ. ಬಹಳಷ್ಟು ದುಬಾರಿ ಪ್ಯಾಕೆಟ್‌ಗಳಲ್ಲಿ ಇರುವುದೂ ಇದೇ ಅಳತೆ.

ಎಳನೀರು ರೇಸ್ ಮುಗಿದ ಮೇಲೆ ಕುಡಿಯಿರಿ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಓಆರ್‌ಎಸ್ ಇದಕ್ಕೆ ಉಲ್ಟಾ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಲೀಟರಿಗೆ 1,700 ಮಿ.ಗ್ರಾಂ.ಗಿಂತ ಜಾಸ್ತಿ ಸೋಡಿಯಂ ಕೊಡುತ್ತದೆ, ಗ್ಲೂಕೋಸ್ ಬರೀ 13.5 ಗ್ರಾಂ. ಅದು ಭೇದಿಗೆ ಮಾಡಿದ್ದು. ಲೀಟರಿಗೆ ಅರ್ಧ ಪೊಟ್ಟಣ (1 ಲೀಟರಿಗೆಂದು ಮಾಡಿದ್ದು) ಹಾಕಿ, 50 ಗ್ರಾಂ ಸಕ್ಕರೆ ಸೇರಿಸಿದರೆ ಒಳ್ಳೆಯ ರೇಸ್ ಡ್ರಿಂಕ್. ಆಗ ಬೇರೆ ಉಪ್ಪು ಬೇಡ.

ಬಾಳೆಹಣ್ಣು ಸೈಕಲ್ ಮೇಲೆ ಓಕೆ. ಒಂದು ಮಧ್ಯಮ ಪಚ್ಚಬಾಳೆಯಲ್ಲಿ 25 ಗ್ರಾಂ ಸುಮಾರು, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. ಕಡಲೆಕಾಯಿ ಚಿಕ್ಕಿ ಬೇಡ, ಎಣ್ಣೆಯಂಶ ಇರುವುದರಿಂದ ಬೇಗ ಕರಗುವುದಿಲ್ಲ.

ಪ್ರಶ್ನೆ (ತುಮಕೂರಿನಿಂದ): ಶುಗರ್ ಇದೆ, ಮಾತ್ರೆ ತಗೊಳ್ತೀನಿ. ಈ ಲೆಕ್ಕ ನನಗೂ ನಡೆಯುತ್ತಾ?

ಉತ್ತರ: ನಿಮ್ಮ ಡಾಕ್ಟರನ್ನು ಕೇಳದೆ ಬೇಡ. ಮಾತ್ರೆಯ ಹೆಸರು ‘ಗ್ಲಿಫ್ಲೋಜಿನ್’ ಅಂತ ಮುಗಿಯುತ್ತಿದ್ದರೆ ಇನ್ನೂ ಮುಖ್ಯ. ನೀರಿನಂಶ ಕಡಿಮೆಯಾದಾಗ ಕೀಟೋಆಸಿಡೋಸಿಸ್ (ರಕ್ತ ಆಮ್ಲೀಯವಾಗುವ ಗಂಭೀರ ಸ್ಥಿತಿ) ಆಗುವ ಅಪಾಯ ಅದರಲ್ಲಿದೆ. ಮಾತ್ರೆ ನೀವಾಗಿ ನಿಲ್ಲಿಸಲೂಬೇಡಿ.

ಪ್ರಶ್ನೆ (ಮಂಡ್ಯದಿಂದ): ಮೇಡಂ, ಹಿಂದಿನ ರಾತ್ರಿ ಮುದ್ದೆ ಉಣ್ಣಬಹುದಾ? ಶಕ್ತಿ ಬೇಕಲ್ಲ! ಬೆಳಿಗ್ಗೆ ಏನು?

ಉತ್ತರ: ಶಕ್ತಿ ಇದೆ, ನಾರೂ ಇದೆ. ಓಡುವಾಗ ಶೌಚಾಲಯ ಹುಡುಕುವ ಪರಿಸ್ಥಿತಿ ಬೇಡ ಅಂದರೆ ಒಂದೆರಡು ದಿನ ಮುದ್ದೆ, ಸೊಪ್ಪು, ಕಾಳು ಬಿಡಿ. ಬಿಳಿ ಅನ್ನ, ತಿಳಿಸಾರು, ಬ್ರೆಡ್ಡು ಜಾಮ್, ಹೀಗೆ. ಬೆಳಿಗ್ಗೆ ಶುರುವಾಗುವ ಮೂರು ಗಂಟೆ ಮುಂಚೆ ನಾಲ್ಕೈದು ಇಡ್ಲಿ, ಸಕ್ಕರೆ ಅಥವಾ ಜೇನು ಹಚ್ಚಿಕೊಂಡು. ಕಾಯಿ ಚಟ್ನಿ, ಸಾಂಬಾರ್ ಬೇಡ. ಒಂದು ಬಾಳೆಹಣ್ಣು. ದಿನಾ ಕಾಫಿ ಕುಡಿಯುವವರು ಅವತ್ತೂ ಕುಡಿಯಿರಿ, ಹಾಲು ಕಡಿಮೆ ಹಾಕಿ. ಗೋವಾ ಹೋಟೆಲ್‌ಗಳಲ್ಲಿ ಬೆಳಗಿನ ಜಾವ ಇಡ್ಲಿ ಸಿಗುವುದು ಕಷ್ಟ. ರೂಮಿಗೆ ಬ್ರೆಡ್ಡು, ಜೇನು ಮೊದಲೇ ತಂದಿಟ್ಟುಕೊಳ್ಳಿ.