ಅಪ್‌ಡೇಟ್: ಸ್ಪೋರೋಜೋಯಿಟ್, ಮೀರೋಜೋಯಿಟ್ ಗೊಂದಲ ಬಗೆಹರಿಯಿತು

ಮಲೇರಿಯಾ ಪರಾವಲಂಬಿಗೆ ಇಷ್ಟೊಂದು ಹೆಸರು ಯಾಕೆ, ಸ್ಪೋರೋಜೋಯಿಟ್ ಮತ್ತು ಮೀರೋಜೋಯಿಟ್ ಎರಡೂ ಒಂದೇನಾ ಅಂತ ಹೋದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಒಂದೇ ಅಲ್ಲ. ಸೊಳ್ಳೆಯ ಜೊಲ್ಲಿನ ಜೊತೆ ನಮ್ಮೊಳಗೆ ಬರುವುದು ಸ್ಪೋರೋಜೋಯಿಟ್. ಅದು ಲಿವರ್ ಸೇರುತ್ತದೆ. ಅಲ್ಲಿ ಒಂದರಿಂದ ಸಾವಿರಾರು ಮೀರೋಜೋಯಿಟ್‌ಗಳು ಹುಟ್ಟಿ, ಕೆಂಪು ರಕ್ತಕಣಗಳಿಗೆ ನುಗ್ಗುತ್ತವೆ. "ಹೆಸರು ಬಾಯಿಪಾಠ ಮಾಡಬೇಡಿ, ಯಾವುದು ಎಲ್ಲಿಂದ ಎಲ್ಲಿಗೆ ಹೊರಟಿದೆ ಅಂತ ನೋಡಿ" ಎಂದು ಒಬ್ಬರು ಬರೆದಿದ್ದರು. ಆ ಒಂದು ಮಾತು ಸಾಕಾಯಿತು.

ಆಮೇಲೆ ಲ್ಯಾಬ್‌ನಲ್ಲಿ ಗೀಮ್ಸಾ ಬಣ್ಣ ಹಾಕಿದ ಸ್ಲೈಡ್ ನೋಡಿದೆ. ರಕ್ತಕಣದೊಳಗೆ ತೆಳ್ಳಗಿನ ನೀಲಿ ಉಂಗುರ, ಅದರ ಅಂಚಿಗೆ ಹರಳು ಕೂರಿಸಿದ ಹಾಗೆ ಒಂದು ಕೆಂಪು ಚುಕ್ಕಿ. ಅದೇ ಎಳೆಯ ಟ್ರೋಫೋಜೋಯಿಟ್! ಅದು ಬಲಿತು ಒಳಗೊಳಗೇ ಹೋಳಾದಾಗ ಸ್ಕೈಜಾಂಟ್. ಕಣ ಒಡೆದು ಹೊಸ ಮೀರೋಜೋಯಿಟ್‌ಗಳು ಹೊರಬಂದಾಗ ಚಳಿಜ್ವರ. ವೈವಾಕ್ಸ್ ಎಂಬ ಮಲೇರಿಯಾ ಪರಾವಲಂಬಿ ಜಾತಿಯಲ್ಲಿ ಈ ಸುತ್ತು ಸುಮಾರು 48 ಗಂಟೆ, ಅದಕ್ಕೇ ದಿನ ಬಿಟ್ಟು ದಿನ ಜ್ವರ.

ನನ್ನನ್ನು ಜಾಸ್ತಿ ಕಾಡಿದ್ದು ಹಿಪ್ನೋಜೋಯಿಟ್. ವೈವಾಕ್ಸ್ ಮತ್ತು ಓವೇಲ್ ಜಾತಿಗಳಲ್ಲಿ ಕೆಲವು ಪರಾವಲಂಬಿಗಳು ಲಿವರ್‌ನಲ್ಲೇ ಸುಮ್ನೆ ಮಲಗಿಬಿಡುತ್ತವೆ. ರಕ್ತದಲ್ಲಿದ್ದವು ಸತ್ತರೂ ತಿಂಗಳುಗಳ ನಂತರ ಇವು ಎದ್ದು ಜ್ವರ ಮರಳಬಹುದು. ಪ್ರೈಮಾಕ್ವಿನ್ ಎಂಬ ಮಾತ್ರೆ ಬೇಕಾಗುವುದು ಇವನ್ನು ಕೊಲ್ಲಲು. ಮಾತ್ರೆಯ ಕೋರ್ಸ್ ಅರ್ಧಕ್ಕೆ ಬಿಡಬಾರದು ಅನ್ನುವುದು ಈಗ ನಿಜವಾಗಿ ಅರ್ಥವಾಯಿತು.

ಸೊಳ್ಳೆಗೆ ವಾಪಸ್ ಹೋಗಿ ಬೆಳೆಯುವುದು ಗ್ಯಾಮಿಟೋಸೈಟ್ (ಪರಾವಲಂಬಿಯ ಗಂಡು, ಹೆಣ್ಣು ರೂಪಗಳು) ಮಾತ್ರ. ಊಕಿನೀಟ್, ಊಸಿಸ್ಟ್ ಎಲ್ಲ ಸೊಳ್ಳೆಯ ಹೊಟ್ಟೆಯ ಹಂತಗಳು. ಅವನ್ನು ಈ ವಾರ ಓದುತ್ತೇನೆ.