ಔಟ್‌ಪುಟ್ ಕುಣಿದರೆ ಐಸಿ ಏನು ಮಾಡೀತು?

"ಇದೂ ಕೆಟ್ಟ ಐಸಿನೇ ಕಣ್ರೋ," ಅಂತ ಸೀನ ಘೋಷಿಸಿದ.

ಆಪ್-ಆಂಪ್ (ಎರಡು ಇನ್‌ಪುಟ್‌ಗಳ ವೋಲ್ಟೇಜ್ ವ್ಯತ್ಯಾಸವನ್ನು ಹಿಗ್ಗಿಸುವ ಐಸಿ) ಜೊತೆ ಜಗಳಕ್ಕೆ ಬಿದ್ದವರೆಲ್ಲ ಮೊದಲು ಮಾಡುವ ಕೆಲಸ ಇದೇ. ಐಸಿ ಕಿತ್ತು ಇನ್ನೊಂದು ಹಾಕುವುದು. ಪಾಪ, ಹೊಸದೂ ಹಾಗೇ ಕುಣಿಯುತ್ತದೆ.

"ಏನಾಗಿದೆ, ಅದನ್ನ ಹೇಳು ಮೊದಲು," ಅಂದಳು ಪದ್ಮ.

"ಟಿಎಲ್‌072. ಬರೀ ಫಾಲೋವರ್. 1 ವೋಲ್ಟ್ ಕೊಟ್ಟರೆ 1 ವೋಲ್ಟ್ ಬರಬೇಕು. ಮಲ್ಟಿಮೀಟರ್ 1.2 ಅನ್ನುತ್ತೆ. ತಂತಿಗೆ ಬೆರಳು ತಾಗಿಸಿದರೆ 1.1. ತೆಗೆದರೆ ಇನ್ನೇನೋ."

"ಬೆರಳನ್ನೂ ಸೇರಿಸಿ ಪ್ಯಾಕ್ ಮಾಡಿಬಿಡು," ಅಂದ ಗಿರಿ.

ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪನ್ನು ಪದ್ಮ ಹಚ್ಚಿದಳು. ತೆಳ್ಳನೆ ಗೆರೆ ಇರಬೇಕಾದ ಕಡೆ ದಪ್ಪ ಪಟ್ಟಿ. ಟೈಮ್‌ಬೇಸ್ ತಿರುಗಿಸಿ ಹಿಗ್ಗಿಸಿದರೆ ಪಟ್ಟಿಯೊಳಗೆಲ್ಲ ಅಲೆಗಳು, ಮೆಗಾಹರ್ಟ್ಜ್ ಆಸುಪಾಸು. ಮಲ್ಟಿಮೀಟರಿಗೆ ಇದೆಲ್ಲ ಕಾಣುವುದಿಲ್ಲ. ಏನೋ ಒಂದು ಅಂಕಿ ಗೊಣಗಿ ಸುಮ್ಮನಾಗುತ್ತದೆ.

"ಪ್ರೋಬ್ 10ಎಕ್ಸ್‌ನಲ್ಲಿದೆ ತಾನೇ?" ಗಿರಿ ಕೇಳಿದ. ಅಪರೂಪಕ್ಕೆ ಒಳ್ಳೆ ಪ್ರಶ್ನೆ. 1ಎಕ್ಸ್‌ನಲ್ಲಿಟ್ಟರೆ ಸರ್ಕ್ಯೂಟಿಗೆ ತಾಗಿಸುವ ಪ್ರೋಬೇ ಅದರ ಮೇಲೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಹೇರುತ್ತದೆ. ಇಲ್ಲದ ಕುಣಿತವನ್ನೂ ಹುಟ್ಟಿಸಬಲ್ಲದು.

"ಗೇನ್ ಬರೀ 1 ಕಣೇ. ಇಷ್ಟು ಸಾಧು ಸರ್ಕ್ಯೂಟು!" ಅಂದ ಸೀನ.

"ಸಾಧು ಅಲ್ಲ ಮಾರಾಯ, ಅದೇ ಘಾಟಿ. ಔಟ್‌ಪುಟ್ ಅಷ್ಟೂ ಮೈನಸ್ ಇನ್‌ಪುಟ್‌ಗೆ ವಾಪಸ್ ಬರುತ್ತೆ. ಬರೋದು ತಡವಾಯ್ತೋ, ಕೆಲಸ ಕೆಟ್ಟಿತು. ಉಯ್ಯಾಲೆ ನಿಲ್ಲಿಸೋಕೆ ಹೋಗಿ ತಪ್ಪು ಹೊತ್ತಿಗೆ ಕೈ ಹಾಕಿದರೆ ತಳ್ಳಿದ ಹಾಗೇ ಅಲ್ವಾ?"

"ತಡ ಮಾಡ್ತಿರೋದು ಯಾರು?"

ಪದ್ಮ ಕೇಬಲ್ ತೋರಿಸಿದಳು. ಔಟ್‌ಪುಟ್‌ನಿಂದ ಹೊರಟ ಕೋಆಕ್ಸಿಯಲ್ ಕೇಬಲ್ ಮೇಜು ಇಳಿದು, ಕುರ್ಚಿ ಸುತ್ತಿ, ಗಿರಿಯ ಕಾಲ ಕೆಳಗೆ ನುಸುಳಿ ಮತ್ತೆ ಮೇಜು ಹತ್ತಿತ್ತು. ಇಂಥ ಕೇಬಲ್ ಮೀಟರ್ ಉದ್ದಕ್ಕೆ 100 ಪಿಕೋಫ್ಯಾರಡ್‌ನಷ್ಟು ಇರುತ್ತದೆ. ಆಪ್-ಆಂಪ್ ಅದನ್ನೆಲ್ಲ ತುಂಬಿಸಿ ಖಾಲಿ ಮಾಡುವಷ್ಟರಲ್ಲಿ ಫೀಡ್‌ಬ್ಯಾಕ್, ಅಂದರೆ ವಾಪಸ್ ಬರುವ ಔಟ್‌ಪುಟ್, ಹಿಂದೆ ಬೀಳುತ್ತದೆ.

ಕೇಬಲ್ ಕಿತ್ತಾಯಿತು. ಪಟ್ಟಿ ಸಣ್ಣಗಾಯಿತು, ಪೂರ್ತಿ ಹೋಗಲಿಲ್ಲ.

"ಸಪ್ಲೈ ಅಲುಗಾಡದ ಹಾಗೆ ಹಿಡಿಯೋ ಡಿಕಪ್ಲಿಂಗ್ ಕೆಪಾಸಿಟರ್ ಹಾಕಿದ್ದೀಯಾ?"

"ಓಹೋ! ಸಪ್ಲೈಗೆ ಹತ್ತಿರ ಹಾಕಬೇಕು ಅಂತ ಓದಿದ್ದೆ," ಅಂತ ಸೀನ ಹೆಮ್ಮೆಯಿಂದ ತೋರಿಸಿದ. ಬ್ರೆಡ್‌ಬೋರ್ಡಿನ ಆ ತುದಿಯಲ್ಲಿ, ಪವರ್ ಸಪ್ಲೈ ತಂತಿಯ ಬುಡದಲ್ಲೇ ಕೂತಿತ್ತು.

"ಐಸಿಯ ಸಪ್ಲೈ ಪಿನ್‌ಗೆ ಹತ್ತಿರ ಕಣೋ!" 10 ಸೆಂಟಿಮೀಟರ್ ತಂತಿ ಅಂದರೆ ಸುಮಾರು 100 ನ್ಯಾನೊಹೆನ್ರಿ. ಅಷ್ಟು ದೂರ ಕೂತ ಕೆಪಾಸಿಟರ್ ಮೆಗಾಹರ್ಟ್ಜ್ ಗಲಾಟೆಯಲ್ಲಿ ಇದ್ದೂ ಇಲ್ಲದ ಹಾಗೆ.

8ನೇ ಪಿನ್‌ನಿಂದ ಗ್ರೌಂಡಿಗೆ ಒಂದು, 4ರಿಂದ ಒಂದು, 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬಿತ್ತು. ಆಮೇಲೆ ಕೇಬಲ್, ಅದರ ಹೊರೆ ನೇರ ಆಪ್-ಆಂಪ್ ಮೇಲೆ ಬೀಳದಂತೆ ಔಟ್‌ಪುಟ್‌ಗೂ ಅದಕ್ಕೂ ನಡುವೆ 100 ಓಮ್ ರೆಸಿಸ್ಟರ್. ಫೀಡ್‌ಬ್ಯಾಕ್ ತಂತಿ ಮಾತ್ರ ರೆಸಿಸ್ಟರಿಗೆ ಮೊದಲೇ, ಪಿನ್‌ನಿಂದಲೇ. ಗೆರೆ ತೆಳ್ಳಗಾಯಿತು. ಗಿರಿ ಬೆರಳು ತಾಗಿಸಿ ನೋಡಿದ. ಗೆರೆ ಜಗ್ಗಲಿಲ್ಲ.

"ಅದ್ಸರಿ, ಇನ್ನೊಂದು ಆಪ್-ಆಂಪ್ ಯಾಕೆ ಗಾಳಿಯಲ್ಲಿ ಬಿಟ್ಟಿದ್ದೀಯ? 6 ಮತ್ತು 7 ಸೇರಿಸಿ, 5ನ್ನು ಗ್ರೌಂಡಿಗೆ ಕೊಡು. ಇಲ್ಲಾಂದ್ರೆ ಅದೂ ಸುಮ್ನೆ ಇರಲ್ಲ."

"ಇದರಲ್ಲಿ ಇನ್ನೊಂದಿದೆಯಾ?" ಸೀನ ಬಗ್ಗಿ ನೋಡಿದ. "ಆ ಮೂರು ಕಾಲು ಐಸಿ ಅಲ್ಲಾಡದೆ ನಿಲ್ಲಲಿ ಅಂತ ಕೊಟ್ಟಿದ್ದಾರೆ ಅಂದುಕೊಂಡಿದ್ದೆ."