ಉದ್ದ, ಅಗಲ, ಎತ್ತರ: ನಿಂತ ಕಪಾಟಿಗೆ ಯಾವುದು ಉದ್ದ?

ಶಿರಸಿಯಲ್ಲಿ ಮರದ ಸಾಮಾನು ಮಾಡುವ ಗೆಳೆಯರೊಬ್ಬರಿಗೆ ನಾನು ಕನ್ನಡದಲ್ಲಿ ಬೆಲೆಪಟ್ಟಿ ಬರೆದುಕೊಡುತ್ತೇನೆ. ಹೋದ ತಿಂಗಳು ಪುಸ್ತಕದ ಕಪಾಟಿಗೆ ‘36 × 12 × 60 ಇಂಚು’ ಅಂತ ಬರೆದೆ. ಕುಮಟಾದಿಂದ ಒಬ್ಬರು ಫೋನ್ ಮಾಡಿ, ‘ಉದ್ದ ಮೂರೇ ಅಡಿನಾ? ನಮಗೆ ಐದಡಿ ಉದ್ದದ್ದು ಬೇಕಿತ್ತು’ ಎಂದರು. ಐದಡಿ ಇತ್ತು, ಮೂರನೇ ಅಂಕಿಯಲ್ಲಿ. ಅವರು ಉದ್ದ ಅಂದದ್ದು ನಾನು ಎತ್ತರ ಅಂದುಕೊಂಡು ಬರೆದದ್ದನ್ನೇ.

ಕನ್ನಡದಲ್ಲಿ ಒಂದು ಕ್ರಮ ಮೊದಲಿಂದಲೂ ಇದೆ ಅಲ್ವಾ? ‘ನಾಡಿನ ಉದ್ದಗಲಕ್ಕೂ’ ಅನ್ನುತ್ತೇವೆ, ‘ಅಗಲುದ್ದ’ ಅಂತ ಯಾರೂ ಅನ್ನುವುದಿಲ್ಲ. ಶಾಲೆಯ ಲೆಕ್ಕದಲ್ಲೂ ಉದ್ದ, ಅಗಲ, ಎತ್ತರ. ಎಂಟಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಾಳೆಗೆ ‘ಎಂಟು ನಾಕು’ ಅನ್ನುತ್ತಾರೆ, ದಪ್ಪ ಕೊನೆಗೆ. ರಟ್ಟಿನ ಪೆಟ್ಟಿಗೆಗೂ ಹಾಗೆಯೇ: ಬಾಯಿ ಮೇಲೆ ಮಾಡಿ ಇಟ್ಟರೆ ಬಾಯಿಯ ದೊಡ್ಡ ಬದಿ ಉದ್ದ, ಸಣ್ಣ ಬದಿ ಅಗಲ, ಆಮೇಲೆ ಎತ್ತರ.

ತೊಡಕು ಬರುವುದು ನಿಂತ ವಸ್ತುಗಳಿಗೆ. ‘ಹುಡುಗ ಉದ್ದ ಆಗಿದ್ದಾನೆ’ ಅಂದರೆ ಮೇಲಕ್ಕೆ ಬೆಳೆದಿದ್ದಾನೆ. ಉದ್ದ ಜಡೆ ಕೆಳಗೆ ಇಳಿಯುತ್ತದೆ. ಉದ್ದ ದಾರಿ ನೆಲದ ಮೇಲೆ ಮಲಗಿರುತ್ತದೆ. ನನಗೆ ಈಗ ಅನ್ನಿಸುವುದು ಇಷ್ಟು: ಉದ್ದಕ್ಕೆ ದಿಕ್ಕಿಲ್ಲ. ಇರುವ ಅಳತೆಗಳಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ನಮ್ಮ ಮಾತಿನಲ್ಲಿ ಉದ್ದ ಅನ್ನುತ್ತೇವೆ. ಬಾಗಿಲನ್ನು ‘ಏಳು ಮೂರು’ ಅನ್ನುವಾಗ ಮೊದಲು ಬರುವುದು ನಿಂತ ಅಳತೆಯೇ. ಕಾಗದದವರದ್ದು ಬೇರೆ ರೂಢಿ, ಎ4 ಹಾಳೆ 210 × 297 ಮಿ.ಮೀ., ಅಗಲ ಮೊದಲು. ಕಪಾಟು, ಮೇಜು ಮಾರುವವರ ಪಟ್ಟಿಗಳಲ್ಲೂ ಅಗಲ, ಆಳ, ಎತ್ತರ ಅಂತ ಬರೆಯುವುದೇ ಹೆಚ್ಚು.

ಆದರೆ ಈ ‘ಆಳ’ ನನಗೆ ಪೂರ್ತಿ ಒಗ್ಗುತ್ತಿಲ್ಲ. ಆಳ ಬಾವಿಗೆ, ಹೊಳೆಗೆ, ಕೆಳಮುಖವಾದದ್ದಕ್ಕೆ. ಕಪಾಟಿನದ್ದು ಎದುರಿನಿಂದ ಹಿಂದಕ್ಕೆ ಹೋಗುವ ಅಳತೆ. ಮೊನ್ನೆ ಅಂಗಡಿಯಲ್ಲಿ ಆಚಾರ್ರು ಟೇಪಿನ ತುದಿಯನ್ನು ಹಿಂದಿನ ಹಲಗೆಗೆ ತಾಗಿಸಿ, ಮುಂದಿನ ಅಂಚಿನಲ್ಲಿ ಉಗುರು ಒತ್ತಿ ಹಿಡಿದು, ‘ಒಳಗೆ ಹನ್ನೆರಡು’ ಎಂದರು. ಆಳ ಅನ್ನಲಿಲ್ಲ, ಅಗಲವೂ ಅನ್ನಲಿಲ್ಲ. ಆ ‘ಒಳಗೆ’ ನನಗೆ ಬಹಳ ಹಿಡಿಸಿತು. ಪಟ್ಟಿಯಲ್ಲಿ ಬರೆಯಲು ಮಾತ್ರ ಅದೊಂದು ಹೆಸರಾಗಬೇಕಲ್ಲ.

ಸದ್ಯಕ್ಕೆ ಸುಮ್ನೆ ಅಂಕಿ ಬರೆಯುವುದನ್ನು ಬಿಟ್ಟಿದ್ದೇನೆ. ‘ಅಗಲ 36, ಆಳ 12, ಎತ್ತರ 60 ಇಂಚು’ ಅಂತ ಪ್ರತಿಯೊಂದಕ್ಕೂ ಹೆಸರು ಹಾಕುತ್ತೇನೆ. ‘ಉದ್ದ’ವನ್ನು ಮಂಚ, ಬೆಂಚು, ಹಲಗೆಯಂಥ ಮಲಗಿದ ಸಾಮಾನಿಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಅಂಕೋಲಾ, ಕಾರವಾರದ ಕಡೆ ಬಡಗಿಗಳು ಕಪಾಟಿನ ಈ ಒಳಗಿನ ಅಳತೆಗೆ ಏನು ಹೇಳುತ್ತಾರೆ? ‘ಆಳ’ಕ್ಕಿಂತ ಹತ್ತಿರದ ಮಾತು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ಪಟ್ಟಿಯನ್ನು ಅದೇ ಮಾತಿನಲ್ಲಿ ಬರೆಯುವ ಆಸೆಯಿದೆ.